ಅಪ್ಪನಿಂದ ಬಂದ ಕರುಳು

"ಶರ್ಟಿನ ತೋಳು ಮೇಲೆ ಮಡಚಿ" ಎಂದವಳು ತಲೆಯೆತ್ತಿದಳು.

ಅವನು! ಹೇಳದೆ ಕೇಳದೆ ಮಾಯವಾಗಿದ್ದ, ಅಂಗಡಿ ಬೋರ್ಡು ಬರೆಯುವ ಅವಳ ಪೇಂಟರ್!

ಕರುಳಿನ ರೋಗಗಳ ಆ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ಅವಳು. ಅವಳ ಸೂಜಿಯಿಂದ ತಪ್ಪಿಸಿಕೊಂಡ ನರ ಮೂರು ಲೋಕದಲ್ಲೂ ಇಲ್ಲ. ಅಂಥವಳು ಇಂದು ಸೂಜಿಯ ಬದಲು ಪೆನ್ನು ಎತ್ತಿಕೊಂಡಳು!

"ನೀನು ಇಲ್ಲಿಗೆ ಸೇರ್ಕೊಂಡಿರೋದು ಗೊತ್ತಿರಲಿಲ್ಲ..." ಎಂದ ಅವನು.

ಅವನಿಗಾಗಿ ಅವಳು ಸುರಿಸಿದ ಕಣ್ಣೀರಿಗೆ ಏಳು ಕೆರೆ ಕೋಡಿ ಬೀಳಬೇಕು. 'ಬೇರೆ ಯಾರೋ ಸಿಕ್ಕಿರಬೇಕು' ಎಂದುಕೊಳ್ಳುತ್ತಲೇ, ಅವನು ಬರೆದ ಬೋರ್ಡುಗಳಿರುವ ಬೀದಿಯಲ್ಲೇ ಸುತ್ತಿ ಬಳಸಿ ಮನೆಗೆ ಹೋಗುತ್ತಿದ್ದಳು. ಯಾರೂ ನೋಡದಾಗ ಅವನ ಅಕ್ಷರಗಳನ್ನು ಬೆರಳಿನಿಂದ ಸವರುತ್ತಿದ್ದಳು.

"ಎಷ್ಟು ಸೊರಗಿದ್ದೀಯೋ... ನಿನ್ನವಳು ಊಟ ಹಾಕಲ್ವಾ?"

"ಯಾರೂ ಇಲ್ಲ ಕಣೇ. ಕರುಳಿಗೆ ಉರಿಯೂತ, ಒಳಗೆಲ್ಲ ಹುಣ್ಣು. ಅಪ್ಪನಿಗಿತ್ತು, ಸೋದರತ್ತೆಗಿತ್ತು. ಬೇರೆಯವರ ಅಪ್ಪಂದಿರು ಮನೆ, ಚಿನ್ನ ಬಿಟ್ಟುಹೋಗ್ತಾರೆ. ನಮ್ಮಪ್ಪ ಇದನ್ನ ಬಿಟ್ಟುಹೋದ!"

"ಅದಕ್ಕೇ... ನನ್ನನ್ನ ಬಿಟ್ಟುಹೋದ್ಯಾ?"

"ಜೀನ್‌ನಲ್ಲೇ ಇದೆ ಅಂದ್ರು. ನಾಳೆ ನಮ್ಮ ಮಕ್ಕಳೂ ಹೊಟ್ಟೆ ಹಿಡ್ಕೊಂಡು ಹೊರಳಾಡೋದನ್ನ ನೀನು ನೋಡ್ಬೇಕಾ?"

"ಅಯ್ಯೋ ಪೆದ್ದೇ!"

ಆ ಕೂಗಿಗೆ ಪಕ್ಕದ ಕೋಣೆಯ ಹಿರಿಯ ಡಾಕ್ಟರು ಓಡಿಬಂದರು. "ಯಾಕಮ್ಮಾ, ನರ ಸಿಗ್ಲಿಲ್ವಾ?"

"ನರ ಸಿಕ್ತು ಸರ್. ಬುದ್ಧಿ ಎಲ್ಲಿದೆ ಅಂತ ಹುಡುಕ್ತಿದ್ದೀನಿ!"

ಆ ಲ್ಯಾಬಿನಲ್ಲೊಂದು ಪದ್ಧತಿಯಿತ್ತು. ರೋಗಿಗಳ ರಕ್ತದೊಡನೆ ಹೋಲಿಸಿ ಜೀನು ಪರೀಕ್ಷಿಸಲು ಆರೋಗ್ಯವಂತರ ರಕ್ತ ಸಾಲದಿದ್ದರೆ, ಕೆಲಸದವರೇ ತೋಳು ಚಾಚುತ್ತಿದ್ದರು.

"ನಾನೂ ಕೊಟ್ಟಿದ್ದೆ ಕಣೋ. ನೀನು ಹೆದರಿ ಓಡಿದ್ಯಲ್ಲ, ಅಂಥದೇ ಜೀನು ನನ್ನಲ್ಲೂ ಇದೆ! ಆದ್ರೂ ಕಲ್ಲು ತಿಂದು ಅರಗಿಸ್ಕೋತೀನಿ. ಜೀನ್ ಇದ್ದ ಮಾತ್ರಕ್ಕೆ ರೋಗ ಬಂದೇ ಬರುತ್ತೆ ಅಂತಿಲ್ಲ."

ಡಾಕ್ಟರು ಹೌದೆಂದು ತಲೆಯಾಡಿಸಿ, ಜಾಣರಂತೆ ಬಾಗಿಲೆಳೆದುಕೊಂಡು ಹೋದರು.

"ಹಾಗಾದ್ರೆ... ಮಕ್ಕಳಿಗೆ ಬರೋದೇ ಇಲ್ವಾ?"

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಬೇರೆಯವರಿಗಿಂತ ಭಯ ಜಾಸ್ತೀನೇ. ಆದ್ರೂ ಹೆಚ್ಚಿನ ಮಕ್ಕಳಿಗೆ ಬರಲ್ಲ. ಬಂದ್ರೆ ಔಷಧಿ ಇದೆ, ನಾನಿದ್ದೀನಿ. ನೀನಿಲ್ಲದ ಮನೇಲಿ ಏನಿದೆ ಹೇಳು?"

ಅವನ ಕಣ್ಣು ತುಂಬಿತು. "ಮೊದಲನೇದು ಹೆಣ್ಣಾದ್ರೆ..."

"ನಿಲ್ಸು! ಮದುವೆ ಆಗ್ತೀಯಾ ಅಂತಾನೇ ಇನ್ನೂ ಕೇಳಿಲ್ಲ!"

"ಆಗ್ತೀಯಾ?"

"ಆಗ್ತೀನಿ. ಆದ್ರೆ ಇನ್ನೊಂದ್ಸಲ ನನ್ನ ಒಳ್ಳೇದಕ್ಕೆ ಅಂತ, ನನ್ನನ್ನೇ ಕೇಳದೆ ತೀರ್ಮಾನ ಮಾಡಿದ್ರೆ..."

"ಮಾಡಿದ್ರೆ?"

"ದಪ್ಪ ಸೂಜಿ ತರ್ತೀನಿ! ಈಗ ಮುಷ್ಟಿ ಬಿಗಿ."

ಅವನು ಬಿಗಿದ... ಅವಳ ಬೆರಳುಗಳ ಸಮೇತ.