ಪಿಟೀಲು ಕೋಣೆಯ ಬೀಗ

"ದೊಡ್ಡಮ್ಮ, ಇವತ್ತು ಸಂಜೆ ನಮ್ಮಪ್ಪ ನನ್ನ ಹೆಂಡ್ತೀನ ಪೊಲೀಸರಿಗೆ ಒಪ್ಪಿಸ್ತಾರಂತೆ."

ಬಂದವನು ಕೂರಲಿಲ್ಲ. ಅಂಗಿಯ ತೋಳಿಗೆಲ್ಲ ಮರದ ಪುಡಿ ಅಂಟಿತ್ತು. ಒಂದು ಕಾಲಿನ ಚಪ್ಪಲಿ ಹೊರಗೆ ಬಿಟ್ಟು ಇನ್ನೊಂದನ್ನು ಮರೆತು ಹಾಗೇ ಒಳಗೆ ಬಂದಿದ್ದ.

ದೊಡ್ಡಮ್ಮ ಅಂದರೆ ಇಡೀ ಬೀದಿಗೇ ದೊಡ್ಡಮ್ಮ. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೆ ಮನೆಯ ಮುಂಗೋಣೆಯಲ್ಲೇ ಪತ್ತೇದಾರಿಕೆಗೆ ಕೂತವರು. ಜೊತೆಗಿದ್ದವಳು ತಂಗಿಯ ಮಗಳು. ಸದ್ದಿಲ್ಲದೆ ಓಡಾಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊತ್ತು ತರುತ್ತಾಳೆಂದು ದೊಡ್ಡಮ್ಮ ಅವಳಿಗೆ ಇರುವೆ ಎಂದು ಹೆಸರಿಟ್ಟಿದ್ದರು. ಡಿಗ್ರಿ ಮುಗಿಸಿದ್ದರೂ ಹೊಸಬರ ಎದುರು ಇರುವೆಯ ಬಾಯಿಗಿಂತ ಮೊದಲು ಕಿವಿ ಕೆಂಪಾಗುತ್ತಿತ್ತು.

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಪ್ರಶ್ನೆ ಶುರುವಾಯಿತು ಎಂದು ಅದರರ್ಥ. "ಹೆಂಡ್ತಿ ಏನು ಮಾಡಿದಾಳಂತೆ?"

"ಪಿಟೀಲು ಕದ್ದಿದಾಳಂತೆ."

ಅವನ ತಂದೆಯದು ಪಿಟೀಲು ರಿಪೇರಿಯ ಕಾರ್ಖಾನೆ. ಹೆಸರಾಂತ ವಾದಕಿಯೊಬ್ಬರ ಹಳೆಯ ಪಿಟೀಲು ರಿಪೇರಿಗೆ ಬಂದಿತ್ತು. ಕೆಲಸ ಮುಗಿಸಿ ಬೀಗದ ಕೋಣೆಯಲ್ಲಿ ತೂಗುಹಾಕಿದ್ದರು. ನಿನ್ನೆ ಬೆಳಗ್ಗೆ ಎಲ್ಲರೂ ಅದನ್ನು ನೋಡಿದ್ದರು, ಎಲ್ಲರ ಎದುರೇ ಸೊಸೆ ಬಾಗಿಲು ಹಾಕಿದ್ದಳು. ಇವತ್ತು ಬೆಳಗ್ಗೆ ತೆಗೆದರೆ ಗೂಟ ಮಾತ್ರ ಇತ್ತು. ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕೋಣೆಗೆ ಕಿಟಕಿಯೇ ಇರಲಿಲ್ಲ.

"ಬೀಗದ ಗುಟ್ಟು ಯಾರಿಗೆ ಗೊತ್ತು?"

"ಅವಳೊಬ್ಬಳಿಗೇ. ಬೀಗ ಮಾಡಿದ್ದೇ ಅವಳು. ಸಂಜೆ ಆ ವಾದಕಿ ಪಿಟೀಲು ತಗೊಂಡು ಹೋಗೋಕೆ ಬರ್ತಾರೆ. ಅಷ್ಟರಲ್ಲಿ ಸಿಗದಿದ್ರೆ, ಅವರ ಮುಂದೇನೇ ಪೊಲೀಸರನ್ನ ಕರೆಸ್ತೀನಿ ಅಂತ ಅಪ್ಪ ಹಟ ಹಿಡಿದು ಕೂತಿದಾರೆ."

"ಮೊದಲು ಆ ಇನ್ನೊಂದು ಚಪ್ಪಲಿ ಬಿಡಪ್ಪ," ಎಂದರು ದೊಡ್ಡಮ್ಮ. "ಇಲ್ಲ, ಬೇಡ. ಬಿಟ್ಟಿದ್ದನ್ನೇ ಹಾಕ್ಕೋ. ಹೊರಡೋಣ."

ಕಾರ್ಖಾನೆ ಎಂದರೆ ಮನೆಯ ಕೆಳಗಿನ ಉದ್ದನೆಯ ಹಜಾರ. ಗೋಡೆಯ ತುಂಬ ಕತ್ತು ಮುರಿದ, ತಂತಿ ಇಲ್ಲದ ಪಿಟೀಲುಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಪಿಟೀಲಿನದೇ ಆಕಾರದ, ಆಳೆತ್ತರದ ಡಬಲ್ ಬಾಸ್ ಬೆನ್ನು ಮೇಲಾಗಿ ಮಲಗಿತ್ತು. ಅದರ ಅಂಚಿನ ಸುತ್ತ ಕ್ಲ್ಯಾಂಪುಗಳು ಸಾಲಾಗಿ ಕಚ್ಚಿಕೊಂಡಿದ್ದವು. ಬಿಸಿ ಅಂಟಿನ ವಾಸನೆ ಮೂಗಿಗೆ ಬಡಿದು ಇರುವೆ ಸೀನಿದಳು.

ಯಜಮಾನರು ಕುರ್ಚಿಯಿಂದ ಏಳಲಿಲ್ಲ. "ಬಂದ್ರಾ? ಬನ್ನಿ. ನಮ್ಮ ಮನೆ ಮರ್ಯಾದೆ ಹೋಗೋದನ್ನ ನೀವೂ ನೋಡಿ."

"ನಾನು ಹುಡುಕೋಕೆ ಬಂದಿರೋದು ಪಿಟೀಲು," ಎಂದರು ದೊಡ್ಡಮ್ಮ. "ಮರ್ಯಾದೆ ನೀವೇ ಹುಡುಕ್ಕೊಳ್ಳಿ."

ಸೊಸೆ ಬೀಗದ ಕೋಣೆಯ ಪಕ್ಕದಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತಾದರೂ ದನಿ ನಡುಗುತ್ತಿರಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲೆ ಅಂಗೈಯಗಲದ ಮರದ ಪೆಟ್ಟಿಗೆ ಇತ್ತು.

"ಇದರೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ," ಎಂದಳು. "ಲಿನಕ್ಸ್ ಹಾಕಿದೀನಿ. ನಾನು ಬರೆದ ಒಂದು ಸ್ಕ್ರಿಪ್ಟ್, ಅಂದ್ರೆ ಪುಟ್ಟ ಪ್ರೋಗ್ರಾಮ್, ಅದರಲ್ಲಿ ಓಡ್ತಾ ಇರುತ್ತೆ. ಬಾಗಿಲ ಮೇಲಿರೋ ಅಯಸ್ಕಾಂತಕ್ಕೆ 'ಹಿಡ್ಕೋ' ಅಂತ ಹೇಳ್ತಾ ಇರೋದೇ ಅದರ ಕೆಲಸ. ಅದು ಹೇಳ್ತಿರೋ ತನಕ ಆನೆ ಎಳೆದ್ರೂ ಬಾಗಿಲು ಬರಲ್ಲ. ನಾನು ಸಂಖ್ಯೆ ಒತ್ತಿದ್ರೆ ಬಿಡುತ್ತೆ."

"ಕರೆಂಟ್ ಹೋದ್ರೆ?"

"ಮೊದಮೊದಲು ಅದೇ ತಲೆನೋವಾಗಿತ್ತು. ಕರೆಂಟ್ ಹೋಗಿ ಬಂದ್ರೆ ಕಂಪ್ಯೂಟರ್ ಏಳ್ತಿತ್ತು, ಸ್ಕ್ರಿಪ್ಟ್ ಏಳ್ತಿರಲಿಲ್ಲ. ನಾನೇ ಬಂದು ಶುರು ಮಾಡೋ ತನಕ ಬಾಗಿಲು ಬಾಯಿ ಬಿಟ್ಕೊಂಡಿರ್ತಿತ್ತು. ಮಾವ ಸರಿಯಾಗಿ ಬೈದ್ರು. ಆಮೇಲೆ ಕಂಪ್ಯೂಟರ್ ಎದ್ದ ಕೂಡ್ಲೇ ಸ್ಕ್ರಿಪ್ಟ್ ತಾನಾಗೇ ಓಡೋ ಹಾಗೆ ಮಾಡ್ದೆ. ಕೆಳಗೆ ಬ್ಯಾಟರೀನೂ ಇಟ್ಟೆ, ಈಗ ಪೆಟ್ಟಿಗೆಗೆ ಕರೆಂಟ್ ಬರೋದು ಅದರ ಮೂಲಕಾನೇ. ಅವತ್ತಿಂದ ಅದು ಆರೇ ಇಲ್ಲ, ನಾನೂ ಮುಟ್ಟಿಲ್ಲ."

"ಇವತ್ತು?"

"ಮುಟ್ಟಬಾರದು ಅಂದಿದಾರೆ ಮಾವ. ಸಾಕ್ಷಿ ಅಳಿಸ್ತೀನಂತೆ."

"ಒಂದ್ಸಲ ಬಾಗಿಲು ತೆಗೆದು ಹಾಕಮ್ಮ, ನೋಡೋಣ."

ಯಜಮಾನರು ಗೊಣಗುತ್ತಲೇ ಒಪ್ಪಿದರು. ಸೊಸೆ ಸಂಖ್ಯೆ ಒತ್ತಿದಳು. ಬಾಗಿಲು ಸಡಿಲಾಯಿತು. ಮತ್ತೆ ತಳ್ಳಿದಾಗ 'ಟಕ್' ಎಂದು ಕಚ್ಚಿಕೊಂಡಿತು. ಬೇರೆ ಯಾವ ಸದ್ದೂ ಬರಲಿಲ್ಲ. ಇರುವೆ ಹಲಗೆಯ ಹತ್ತಿರ ಬಗ್ಗಿದಳು. ಪೆಟ್ಟಿಗೆಯ ಮೇಲೆ, ಬ್ಯಾಟರಿಯ ಮೇಲೆ, ವೈರಿನ ಮೇಲೆ ಎಲ್ಲ ಕಡೆ ಮರದ ಪುಡಿ ಸಣ್ಣಗೆ ಹಿಟ್ಟಿನಂತೆ ಕೂತಿತ್ತು. ಬ್ಯಾಟರಿಗೆ ಚುಚ್ಚಿದ್ದ ಪಿನ್ನಿನ ಮೇಲೆ ಮಾತ್ರ ಇರಲಿಲ್ಲ. ಅವಳು ದೊಡ್ಡಮ್ಮನ ಸೆರಗು ಜಗ್ಗಿ ಕಣ್ಣಲ್ಲೇ ತೋರಿಸಿದಳು.

ಆಮೇಲೆ ದೊಡ್ಡಮ್ಮ ಒಬ್ಬೊಬ್ಬರನ್ನೇ ಹಜಾರದ ಮುಂದಿರುವ ಅವರದೇ ಅಂಗಡಿಗೆ ಕರೆಸಿ ಮಾತಾಡಿಸಿದರು.

ನಿನ್ನೆ ಮಧ್ಯಾಹ್ನ ಯಜಮಾನರೂ ಮಗನೂ ಮರ ಕೊಳ್ಳಲು ಹೋಗಿದ್ದರು. ಸೊಸೆ ಈ ಅಂಗಡಿಯಲ್ಲಿ ಒಬ್ಬಳೇ ಕೂತಿದ್ದಳು, ಗಿರಾಕಿ ಯಾರೂ ಬಂದಿರಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಬಣ್ಣ ಹಚ್ಚುವ ಕೆಲಸದವನಿದ್ದ. ಎಲ್ಲರೂ ಅವನನ್ನು ವಾರ್ನಿಷ್ ಅಣ್ಣ ಎನ್ನುತ್ತಿದ್ದರು.

"ನಾನು ರೇಡಿಯೋ ಹಾಕ್ಕೊಂಡು ಕೆಲಸ ಮಾಡೋನು," ಎಂದ ವಾರ್ನಿಷ್ ಅಣ್ಣ. "ಮನೆ ಹೊತ್ಕೊಂಡು ಹೋದ್ರೂ ಜಾಹೀರಾತು ಬಂದಾಗಲೇ ನಂಗೆ ಗೊತ್ತಾಗೋದು."

"ಆ ದೊಡ್ಡ ಬಾಸ್‌ಗೆ ಅಂಟು ಹಾಕಿದ್ದು ಯಾರಣ್ಣ?"

"ಯಜಮಾನರಿರಬೇಕು."

ಮಗನನ್ನು ಕೇಳಿದಾಗ ಅಪ್ಪ ಎಂದ. ಯಜಮಾನರನ್ನು ಕೇಳಿದಾಗ ಹುಬ್ಬು ಗಂಟಿಕ್ಕಿದರು. "ಮಗ ಹಾಕಿರ್ತಾನೆ. ಒಳಗಿನ ಮರ ಒಣಗೋ ತನಕ ಬೆನ್ನು ಮುಚ್ಚಬೇಡ ಅಂದಿದ್ದೆ. ನನ್ನ ಮಾತು ಯಾರು ಕೇಳ್ತಾರೆ?"

ಕೊನೆಗೆ ಬಂದವಳು ಮಗಳು. ಮದುವೆಯಾಗಿ ಬೇರೆ ಊರಲ್ಲಿದ್ದವಳು ಮೊನ್ನೆ ಬಂದಿದ್ದಳು. ಬೀಗ ಕೂರಿಸಿದ ವಾರದಲ್ಲೂ ಇಲ್ಲೇ ಇದ್ದಳಂತೆ. ಆಮೇಲೆ ಬಂದಿರುವುದು ಈಗಲೇ. ತಂದೆಯ ಹಾಗೆಯೇ ಉದ್ದನೆಯ ಬೆರಳು. ಮಾತು ಅಳೆದಂತೆ ಆಡುತ್ತಿದ್ದಳು.

"ಹೇಳಬಾರದು ಅಂತಿದ್ದೆ. ಏನಿದ್ರೂ ತಮ್ಮನ ಹೆಂಡ್ತಿ," ಎಂದಳು. "ನಿನ್ನೆ ಊಟ ಆದ್ಮೇಲೆ ಮೇಲಿನ ಕೋಣೇಲಿ ಮಲಗಿದ್ದೆ. ಕೆಳಗೆ ಆ ಪೆಟ್ಟಿಗೆ 'ಬಾಗಿಲು ಭದ್ರ' ಅಂದಿದ್ದು ಕೇಳಿಸ್ತು. ಬೀಗ ಬಿದ್ದಾಗ ಅದು ಹಾಗೇ ತಾನೇ ಅನ್ನೋದು? ಅಂದ್ರೆ ಯಾರೋ ಆಗ ಬಾಗಿಲು ತೆಗೆದು ಹಾಕಿದಾರೆ. ಗುಟ್ಟು ಗೊತ್ತಿರೋಳು ಇವಳೊಬ್ಬಳೇ. ಇನ್ನು ನೀವುಂಟು, ಅವಳುಂಟು."

ದೊಡ್ಡಮ್ಮ ಕನ್ನಡಕ ಹಾಕಿಕೊಂಡರು. ಉತ್ತರ ಸಿಗದೆ ಆ ಕನ್ನಡಕ ಮೂಗಿನ ಮೇಲೆ ಏರುತ್ತಿರಲಿಲ್ಲ.

ಬೆಳಕು ಕಿಟಕಿಯಿಂದ ಓರೆಯಾಗತೊಡಗಿತ್ತು. ವಾದಕಿ ಮನೆಯಿಂದ ಹೊರಟಿದ್ದಾರೆಂದು ಫೋನ್ ಬಂತು. ಯಜಮಾನರು ಫೋನನ್ನು ಕೈಯಲ್ಲೇ ಇಟ್ಟುಕೊಂಡು ಸೊಸೆಯ ಕಡೆ ನೋಡಿದರು. "ಪೊಲೀಸರ ನಂಬರ್ ಹುಡುಕಿ ಇಟ್ಟಿದೀನಿ. ಈಗಲಾದ್ರೂ ಎಲ್ಲಿಟ್ಟಿದೀಯ ಹೇಳು."

"ಮಾವ, ನಾನು ತಗೊಂಡಿಲ್ಲ."

"ಇನ್ನೊಂದು ಸ್ವಲ್ಪ ತಡೀರಿ," ಎಂದರು ದೊಡ್ಡಮ್ಮ. "ಎಲ್ಲರೂ ಇಲ್ಲಿ ಬನ್ನಿ. ವಾರ್ನಿಷ್ ಅಣ್ಣ, ನೀನು ಮೇಲಿನ ಕೋಣೆಗೆ ಹೋಗಿ ಕೂತ್ಕೋ. ರೇಡಿಯೋ ಬೇಡ. ಕಿವಿ ಕೆಳಗಿಟ್ಟಿರು. ಏನಾದ್ರೂ ಕೇಳಿಸಿದ್ರೆ ಬಂದು ಹೇಳು."

ಅವನು ಮೆಟ್ಟಿಲು ಹತ್ತಿ ಮರೆಯಾದ. ಉಳಿದವರು ಬೀಗದ ಕೋಣೆಯ ಮುಂದೆ ನಿಂತರು.

"ಇರುವೆ, ಆ ಪಿನ್ ಕೀಳು."

ಇರುವೆ ಬಗ್ಗಿ ಪಿನ್ ಹಿಡಿದಳು. ಕಿತ್ತಳು. ಪೆಟ್ಟಿಗೆಯ ದೀಪ ಆರಿತು. ದೊಡ್ಡಮ್ಮ ಒಂದೇ ಬೆರಳಿನಿಂದ ಬಾಗಿಲನ್ನು ಎಳೆದರು. ಅದು ಬೀರುವಿನ ಬಾಗಿಲಿನಂತೆ ಹಗುರವಾಗಿ ತೆರೆದುಕೊಂಡಿತು.

"ಅಯ್ಯೋ!" ಎಂದಳು ಸೊಸೆ. ತನ್ನ ತಲೆಯನ್ನೇ ಹೊಡೆದುಕೊಂಡಳು. "ಹೌದಲ್ಲ!"

"ಈಗ ಮತ್ತೆ ಚುಚ್ಚು."

ದೀಪ ಹತ್ತಿತು. ದೊಡ್ಡಮ್ಮ ಬಾಗಿಲನ್ನು ಚೌಕಟ್ಟಿಗೆ ಒರಗಿಸಿ ಕೈ ಬಿಟ್ಟರು. ಪೆಟ್ಟಿಗೆ ಏಳುತ್ತಿತ್ತು, ಆ ಪುಟ್ಟ ದೀಪ ಪಟಪಟನೆ ರೆಪ್ಪೆ ಬಡಿಯುತ್ತಿತ್ತು. ಕಡೆಗೆ 'ಟಕ್' ಎಂದು ಅಯಸ್ಕಾಂತ ಕಚ್ಚಿತು. ಪೆಟ್ಟಿಗೆಯೊಳಗಿಂದ ಸೊಸೆಯದೇ ದನಿ, ಸೊಳ್ಳೆಯಷ್ಟು ಸಣ್ಣದಾಗಿ, "ಬಾಗಿಲು ಭದ್ರ" ಎಂದಿತು.

"ನೋಡಿದ್ರಾ?" ಎಂದರು ದೊಡ್ಡಮ್ಮ. "ಕಳ್ಳತನಕ್ಕೆ ಗುಟ್ಟಿನ ಸಂಖ್ಯೆ ಬೇಕಾಗೇ ಇಲ್ಲ. ಪಿನ್ ಕಿತ್ತು, ಪಿಟೀಲು ತೆಗೆದು, ಪಿನ್ ಚುಚ್ಚಿ ಹೋದ್ರೆ ಆಯ್ತು. ಸ್ಕ್ರಿಪ್ಟ್ ತಾನಾಗೇ ಎದ್ದು ಹಿಂದೆ ಬೀಗ ಹಾಕಿಬಿಡುತ್ತೆ. ಇವಳು ಕೈಯಾರೆ ಶುರು ಮಾಡೋ ಕಾಲದಲ್ಲಾಗಿದ್ರೆ ಬಾಗಿಲು ತೆರೆದೇ ಇರ್ತಿತ್ತು, ಹೊರಗಿನ ಕಳ್ಳ ಅಂದ್ಕೋತಿದ್ರಿ. ಇವಳ ಜಾಣತನವೇ ಇವಳ ಕೊರಳಿಗೆ ಬಂತು. ಇರುವೆ ಕಂಡ ಹಾಗೆ ಆ ಪಿನ್ ಮೇಲೆ ಮಾತ್ರ ಮರದ ಪುಡಿ ಇರಲಿಲ್ಲ. ಅಮ್ಮಣ್ಣಿ, ಈಗ ಹೇಳು. ಆ ಮಾತನ್ನ ಪೆಟ್ಟಿಗೆ ಯಾವಾಗ ಆಡುತ್ತೆ?"

"ಎದ್ದಾಗ ಮಾತ್ರ," ಎಂದಳು ಸೊಸೆ. "ಸ್ಕ್ರಿಪ್ಟಿನ ಮೊದಲ ಸಾಲೇ ಅದು. ಅದಕ್ಕೆ ಪರದೆ ಇಲ್ವಲ್ಲ, ಶುರುವಾಯ್ತು ಅಂತ ತಿಳೀಲಿ ಅಂತ ಇಟ್ಟೆ. ಆಮೇಲೆ ಎಷ್ಟು ಸಲ ಬಾಗಿಲು ಹಾಕಿದ್ರೂ ಮಾತಾಡಲ್ಲ."

"ಆಗ್ಲೇ ನಮ್ಮೆದುರು ಹಾಕ್ದಾಗಲೂ ಆಡ್ಲಿಲ್ಲ. ಬೀಗ ಕೂರಿಸಿದ ವಾರದಲ್ಲಿ?"

"ಆಗ ದಿನಾ ಆರಿಸಿ ಎಬ್ಬಿಸ್ತಿದ್ದೆ. ಪ್ರತಿ ಸಲಾನೂ ಮಾತಾಡ್ತಿತ್ತು. ಅದು ಏಳೋ ತನಕ ಬಾಗಿಲು ಬೀಸ್ಕೊಂಡು ಹೋಗದ ಹಾಗೆ ಹಿಡ್ಕೊಂಡಿರ್ತಿದ್ದಿದ್ದು..." ಅವಳು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ಗಂಡನ ಅಕ್ಕನ ಕಡೆ ಹೋಯಿತು. "ಅತ್ತಿಗೆ."

"ಆ ವಾರ ಕಂಡದ್ದನ್ನೇ ನಂಬಿಕೊಂಡಿದ್ದವರು, ಬೀಗ ಬಿದ್ದಾಗಲೆಲ್ಲ ಪೆಟ್ಟಿಗೆ ಮಾತಾಡುತ್ತೆ ಅಂದ್ಕೊಂಡಿದ್ರು," ಎಂದರು ದೊಡ್ಡಮ್ಮ. "ನಿನ್ನೆ ಮಧ್ಯಾಹ್ನ ಅದೇ ಮಾತು ಕಿವಿಗೆ ಬಿತ್ತು. ಸೊಸೆ ಮೇಲೆ ಹಾಕೋಕೆ ಒಳ್ಳೇ ಸಾಕ್ಷಿ ಅನ್ನಿಸ್ತು, ನನಗೆ ಹೇಳಿದ್ರು. ಸಂಖ್ಯೆ ಗೊತ್ತಿರೋ ಸೊಸೆ ಪಿನ್ ಯಾಕಮ್ಮ ಕೀಳ್ತಾಳೆ?"

ಮಗಳ ಮುಖದಲ್ಲಿ ಏನೂ ಕದಲಲಿಲ್ಲ. "ಕಿತ್ತಿದ್ದು ಯಾರೋ. ನಾನು ಮೇಲಿಂದ ಕೇಳಿದ್ದು ಹೇಳ್ದೆ. ಅಷ್ಟೇ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ವಾರ್ನಿಷ್ ಅಣ್ಣ ಅರ್ಧ ಇಳಿದು ಬಗ್ಗಿ ನೋಡಿದ. "ಅಲ್ಲಮ್ಮ, ಇನ್ನೂ ಎಷ್ಟು ಹೊತ್ತು ಕೂರ್ಲಿ? ಶುರು ಮಾಡೋದೇನಾದ್ರೂ ಉಂಟಾ?"

ಯಾರೂ ನಗಲಿಲ್ಲ. ಮಗ ನಿಧಾನವಾಗಿ ಅಕ್ಕನ ಕಡೆ ತಿರುಗಿದ.

"ಆ ದನಿ ಕೇಳಬೇಕಾದ್ರೆ ಈ ಬಾಗಿಲ ಬುಡದಲ್ಲೇ ನಿಂತಿರಬೇಕು," ಎಂದರು ದೊಡ್ಡಮ್ಮ. "ಅಮ್ಮಣ್ಣಿ, ಪೆಟ್ಟಿಗೇನ ನಾವು ಈಗ ಆರಿಸಿ ಎಬ್ಬಿಸಿದೀವಿ. ಅದಕ್ಕೂ ಮೊದಲು ಅದು ಎದ್ದಿದ್ದು ಯಾವಾಗ ಅಂತ ಗೊತ್ತಾಗುತ್ತಾ?"

ಯಜಮಾನರು ಈ ಸಲ ಬೇಡ ಎನ್ನಲಿಲ್ಲ. ಸೊಸೆ ತನ್ನ ಲ್ಯಾಪ್‌ಟಾಪ್ ಜೋಡಿಸಿ ಒಂದು ಸಾಲು ಒತ್ತಿದಳು. "ನಿನ್ನೆ ಮಧ್ಯಾಹ್ನ," ಎಂದಳು.

"ಇನ್ನು ಪಿಟೀಲು. ಹಗಲು ಹೊತ್ತಲ್ಲಿ ಅಂಗಡಿ ದಾಟಿ ಹೊರಗೆ ಒಯ್ಯೋ ಹಾಗಿಲ್ಲ, ಅಲ್ಲಿ ಸೊಸೆ ಕೂತಿದ್ಲು. ಹಿತ್ತಲಲ್ಲಿ ವಾರ್ನಿಷ್ ಅಣ್ಣ. ಅಂದ್ರೆ ಮನೆಯೊಳಗೇ ಇದೆ. ಯಜಮಾನರೇ, ನಿಮ್ಮ ದೊಡ್ಡ ಬಾಸ್‌ನ ಬೆನ್ನು ಮುಚ್ಚಿದ್ದು ಮಗ ಅಂದ್ರಿ, ಮಗ ನೀವು ಅಂದ. ಒಂದು ಸಲ ಆ ಕೆಲಸ ಮುಟ್ಟಿ ನೋಡ್ತೀರಾ?"

ಯಜಮಾನರು ಹೋಗಿ ಬಾಸಿನ ಅಂಚಿನ ಮೇಲೆ ಬೆರಳಾಡಿಸಿದರು. ಕೂದಲೆಳೆಯಷ್ಟೂ ಸಂದಿರಲಿಲ್ಲ, ಒಂದು ಹನಿ ಅಂಟೂ ಹೊರಗೆ ಉಕ್ಕಿರಲಿಲ್ಲ. ಅರ್ಧ ದಾರಿಯಲ್ಲೇ ಬೆರಳು ನಿಂತಿತು.

"ಇದು ನಿನ್ನ ಕೈ," ಎಂದರು ಮಗಳಿಗೆ.

"ಗೊತ್ತಾಯ್ತಾ ಅಪ್ಪ?" ಎಂದಳು ಅವಳು. ಅಲ್ಲಿಯವರೆಗೆ ಅಳೆದು ಆಡುತ್ತಿದ್ದ ಮಾತು ಒಮ್ಮೆಲೇ ಒಡೆಯಿತು. "ನಿಮಗೆ ಅಂಟು ಕಾಯಿಸಿ ಕೊಟ್ಟು ಕೊಟ್ಟು ನನ್ನ ಬೆರಳು ಸುಟ್ಟಿದ್ದು. ನಿಮ್ಮ ಕೈ ನಡುಗೋಕೆ ಶುರುವಾದಾಗ ಒಂದು ಮಾತು, ಬಾಮ್ಮ ನೀನು ನೋಡ್ಕೋ ಅಂತ ಅಂದ್ರಾ? ನನ್ನ ಮುಂದೇನೇ ಈ ಕೋಣೇನ ಇವಳ ಕೈಗೆ ಕೊಟ್ರಿ. ಇವಳಿಗೆ ಒಂದು ತಂತಿ ಬಿಗಿಯೋಕೂ ಬರಲ್ಲ!"

"ಅದಕ್ಕೆ ನನ್ನನ್ನ ಜೈಲಿಗೆ ಕಳಿಸೋದಾ ಅತ್ತಿಗೆ?" ಎಂದಳು ಸೊಸೆ.

ಮಗಳು ಅಂಟು ಕಾಯಿಸುವ ಒಲೆಯ ಕಡೆ ನಡೆದಳು. ತೆಳುವಾದ ಚಾಕು ಬಿಸಿ ಮಾಡಿಕೊಂಡು ಬಂದಳು. ಆ ಬೆನ್ನನ್ನು ಒಡೆಯದೆ ಬಿಡಿಸುವ ಶಕ್ತಿ ಆ ಮನೆಯಲ್ಲಿ ಇನ್ನಾರ ಕೈಗೂ ಉಳಿದಿರಲಿಲ್ಲ. ಕ್ಲ್ಯಾಂಪುಗಳು ಒಂದೊಂದಾಗಿ ಸಡಿಲಾದವು. ಚಾಕು ಸಂದಿಯಲ್ಲಿ ಇಳಿದಾಗಲೆಲ್ಲ ಮರ ಕಿರ್ರೆನ್ನುತ್ತಿತ್ತು. ಇರುವೆ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಹಲಗೆ ಮೇಲೆದ್ದಿತ್ತು. ಒಳಗೆ, ಹತ್ತಿ ಬಟ್ಟೆ ಸುತ್ತಿಕೊಂಡು, ಪಿಟೀಲು ಕೂಸಿನಂತೆ ಮಲಗಿತ್ತು. ಒಂದು ಗೀರೂ ಇರಲಿಲ್ಲ.

ಯಜಮಾನರು ಕುರ್ಚಿಗೆ ಕುಸಿದರು. ಫೋನ್ ಇನ್ನೂ ಕೈಯಲ್ಲೇ ಇತ್ತು. ಅದನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಫೋನನ್ನು ನೋಡಿದರು. ಹೆಬ್ಬೆರಳು ಆ ನಂಬರಿನ ಮೇಲೆ ತೂಗಾಡಿತು. ಕೆಳಗಿಳಿಯಲಿಲ್ಲ.

ಸೊಸೆ ಅವರ ಎದುರು ಬಂದು ನಿಂತಳು.

"ಮಾವ, ಬೆಳಗ್ಗೆ ನನ್ನ ವಿಷಯದಲ್ಲಿ ನೀವು ಇಷ್ಟು ಹೊತ್ತು ಯೋಚನೆ ಮಾಡಲಿಲ್ಲ."

ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಕರೆಗಂಟೆ ಮೊಳಗಿತು. ಅಭ್ಯಾಸಬಲದಿಂದ ಎಲ್ಲರೂ ಸೊಸೆಯ ಕಡೆ ನೋಡಿದರು. ಆ ಮನೆಗೆ ಬಂದವರಿಗೆ ಬಾಗಿಲು ತೆಗೆಯುವವಳು ಅವಳೇ.

ಅವಳು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತಳು.

"ಏನಾಯ್ತು ಅಂತ ಅವರಿಗೆ ನೀವೇ ಹೇಳಬೇಕು," ಎಂದಳು. "ಎಲ್ಲಾನೂ. ಹೋಗಿ."

ಕರೆಗಂಟೆ ಮತ್ತೊಮ್ಮೆ ಮೊಳಗಿತು. ಯಜಮಾನರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಎರಡೂ ಕೈ ಊರಿ ಎದ್ದರು.