ಇಲ್ಲದ ಸೇತುವೆ

ನವೆಂಬರ್ ಹನ್ನೆರಡು, ಮಂಗಳವಾರ. ಸಂಜೆ ಐದೂ ಮುಕ್ಕಾಲಿಗೆ, ಉತ್ತರ ಇಂಗ್ಲೆಂಡಿನ ಹಳೇ ಗಿರಣಿ ಊರು ಕ್ಲೆಗ್‌ಡೆನ್‌ನ ಠಾಣೆಗೆ ದೂರು ಬಂತು: ಪ್ರಾಸ್ಪೆಕ್ಟ್ ಗಿರಣಿಯ ಹಿಂದೆ, ನೀರು ಬತ್ತಿಸಿದ ಕಾಲುವೆಯೊಳಗೆ ಒಬ್ಬ ಮನುಷ್ಯ ಬಿದ್ದಿದ್ದಾನೆ. ಆಂಬುಲೆನ್ಸಿಗೆ ಫೋನ್ ಮಾಡಿದವನು ಹೆಸರು ಹೇಳಿರಲಿಲ್ಲ.

ಇನ್‌ಸ್ಪೆಕ್ಟರ್ ಇಫ್ತಿಕಾರ್ ರಾಜಾ ಹೋದಾಗ ಮಂಜು ಕವಿದು ಎದುರಿನ ಗೋಡೆಯೂ ಕಾಣುತ್ತಿರಲಿಲ್ಲ. ಮಂಜಿನ ಮೇಲೆ ಗಿರಣಿಯ ಚಿಮಣಿಯ ತುದಿಯೊಂದೇ ಎದ್ದು ನಿಂತಿತ್ತು. ಬಿದ್ದವನು ಬ್ರಿಸ್ಟಲ್‌ನ ಎಂಜಿನಿಯರ್, ಗ್ಯಾರೆತ್ ಪೆನ್‌ಹೇಲ್. ಶುಕ್ರವಾರ ಆ ಚಿಮಣಿಯನ್ನು ಉರುಳಿಸುವ ಕೆಲಸ ಅವನದು. ಕಾಲುವೆಯ ಮೇಲಿದ್ದ ಕಾಲುಸೇತುವೆಯನ್ನು ಪುರಸಭೆ ಸೆಪ್ಟೆಂಬರ್‌ನಲ್ಲೇ ಕಿತ್ತುಹಾಕಿತ್ತು. ಆ ಜಾಗಕ್ಕೆ ಅಡ್ಡ ಹೊಡೆದಿದ್ದ ಹಲಗೆಗಳನ್ನು ಯಾರೋ ಸೌದೆಗೆ ಒಯ್ದಿದ್ದರು. ಸ್ಥಳದ ಮಹಜರು ಮುಗಿಯುವ ಹೊತ್ತಿಗೆ ಎಲ್ಲರ ಕೈ ಮರಗಟ್ಟಿತ್ತು.

ಪೆನ್‌ಹೇಲ್‌ಗೆ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಎಚ್ಚರವಾಯಿತು. ಚಿಮಣಿ ಕೆಲಸಕ್ಕೆ ಬಂದಿದೀನಿ, ಗಿರಣಿಯ ಗೇಟು ಎಲ್ಲಿ ಎಂದು ಒಬ್ಬ ಮುದುಕನನ್ನು ಕೇಳಿದೆ, ಈ ಓಣಿ ಹಿಡಿದು ಸೇತುವೆ ದಾಟು ಅಂದ, ಅವನು ನಿಂತಿದ್ದ ಮನೆಯ ಮೆಟ್ಟಿಲಂಚು ಬೆಳ್ಳಗಿತ್ತು ಎಂದಷ್ಟೇ ಹೇಳಿದ. ಬುಧವಾರ ಬೆಳಗಿನ ಜಾವ ತೀರಿಕೊಂಡ.

ಮೆಟ್ಟಿಲಂಚಿಗೆ ಬಿಳಿ ಕಲ್ಲು ತಿಕ್ಕುವುದು ಹಿಂದೆ ಈ ಊರಿನ ಹೆಂಗಸರ ಹಟ. ತಿಕ್ಕದವಳನ್ನು ಬೀದಿಯೇ ಆಡಿಕೊಳ್ಳುತ್ತಿತ್ತು. ಈಗ ಅಂಥ ಬೀದಿಗಳೇ ಹೆಚ್ಚು ಉಳಿದಿಲ್ಲ. ಕಾಲುವೆಯ ಓಣಿಗೆ ತಾಗಿದ ಮನೆಸಾಲಿನಲ್ಲಿ ಹಾಗೆ ತಿಕ್ಕುವ ಮನೆ ಒಂದೇ ಉಳಿದಿತ್ತು: ಆ ಗಿರಣಿಯಲ್ಲೇ ಮಗ್ಗ ರಿಪೇರಿ ಮಾಡುತ್ತಿದ್ದ ವಿಲ್ಫ್ ಕ್ರ್ಯಾಬ್‌ಟ್ರೀಯದು.

"ಇದು ಅಪರಾಧವೇ ಅಲ್ಲ, ಸರ್," ಎಂದಳು ಸಾರ್ಜೆಂಟ್ ಡೊರೀನ್ ಹ್ಯಾಸ್ಲಮ್. "ನಮ್ಮೂರಿನ ಕಾಯಿಲೆ. ನಮ್ಮಮ್ಮ ಇವತ್ತಿಗೂ ದಾರಿ ಕೇಳಿದವ್ರಿಗೆ, ಊರವರ ಸ್ನಾನದ ಕಟ್ಟಡದ ಹತ್ರ ಎಡಕ್ಕೆ ತಿರುಗಿ ಅಂತಾಳೆ. ಅದನ್ನ ಕೆಡವಿ ಇಪ್ಪತ್ತು ವರ್ಷ ಆಯ್ತು."

ರಾಜಾ ಇಲ್ಲವೆನ್ನಲಿಲ್ಲ. ಇಲ್ಲದ ಚಿತ್ರಮಂದಿರ, ಇಲ್ಲದ ಚರ್ಚು, ಇಲ್ಲದ ಮಾರುಕಟ್ಟೆ ಹಿಡಿದೇ ಅವನೂ ದಾರಿ ಹೇಳುತ್ತಿದ್ದ. ಆ ಮುದುಕನದೂ ಅದೇ ಆಗಿರಲಿ ಎಂದು ಅವನ ಮನಸ್ಸು ಬೇಡಿತು. ಆದರೂ ಆಂಬುಲೆನ್ಸ್ ಕರೆಯ ಟೇಪು ತರಿಸಿ ಕೇಳಿದ. ಕೇಳಿದ ಮೇಲೆ ಅವನಿಗೆ ಚಹಾ ರುಚಿಸಲಿಲ್ಲ.

ಅದೇ ಬುಧವಾರ ಮಧ್ಯಾಹ್ನ ಇಬ್ಬರೂ ಹೋದಾಗ ವಿಲ್ಫ್ ಮಂಡಿಯೂರಿ ಮೆಟ್ಟಿಲು ತಿಕ್ಕುತ್ತಿದ್ದ. ಕಲ್ಲನ್ನು ಕೈಯಲ್ಲಿ ಹಿಡಿದೇ ಅವರನ್ನು ಒಳಗೆ ಕರೆದೊಯ್ದ. ಅಲ್ಲಿ ಅವನ ಹೆಂಡತಿ ನೆಲ್ಲಿ ಕೋಟು ಹಾಕಿಕೊಂಡೇ ಕೂತಿದ್ದಳು.

"ರಾಜಾನ ಮಗ ಅಲ್ವೇನೋ ನೀನು? ನಿಮ್ಮಪ್ಪ ರಾತ್ರಿ ಪಾಳಿಲಿದ್ದ. ಒಳ್ಳೇ ಕೆಲಸಗಾರ, ಆದ್ರೆ ಚಹಾಕ್ಕೆ ಸಕ್ಕರೆ ಸುರಿಯೋನು," ಎಂದ ವಿಲ್ಫ್.

"ಮಂಗಳವಾರ ಒಬ್ರಿಗೆ ದಾರಿ ಹೇಳಿದ್ರಾ?"

"ಹೇಳ್ದೆ. ವಯಸ್ಸಾಯ್ತು ಮಗಾ. ಸೇತುವೆ ಇನ್ನೂ ಇದೆ ಅಂತಲೇ ತಲೇಲಿ."

ರಾಜಾ ಟೇಪನ್ನು ಹಾಕಿದ. ಏದುಸಿರಿನ ದನಿ ಕೋಣೆಯನ್ನು ತುಂಬಿತು: *ಓಣಿ ಕಡೆಯಿಂದ ಬರಬೇಡಿ, ಸೇತುವೆ ಕಿತ್ತಿದ್ದಾರೆ. ಸೂಪರ್‌ಮಾರ್ಕೆಟ್ ಹಿಂದಿನ ಕಾರು ನಿಲ್ಲಿಸೋ ಜಾಗದಿಂದ ಇಳೀರಿ. ಬೇಗ ಬನ್ನಿ, ಹುಡುಗ ಇನ್ನೂ ನರಳ್ತಿದಾನೆ.*

"ದನಿ ನಿಮ್ದೇ, ಕ್ರ್ಯಾಬ್‌ಟ್ರೀ ಅವರೇ."

ಫೋನ್ ಮಾಡದೆ ಸುಮ್ಮನಿದ್ದಿದ್ದರೆ ಊರಿನ ಕಾಯಿಲೆಯೇ ವಿಲ್ಫ್‌ನನ್ನು ಕಾಪಾಡುತ್ತಿತ್ತು. ಕರುಳು ಕೇಳಲಿಲ್ಲ, ಸಿಕ್ಕಿಬಿದ್ದ. ರಾಜಾನಿಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ವಿಲ್ಫ್ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. "ಕಾಲು ಮುರೀಲಿ ಅಂದ್ಕೊಂಡೆ. ಕೆಲಸ ಚಳಿಗಾಲ ಕಳೆಯೋವರೆಗೆ ನಿಲ್ಲತ್ತೆ ಅಂತ. ಸಾಯ್ಲಿ ಅಂತ ಖಂಡಿತಾ ಅಲ್ಲ."

"ಒಂದು ಚಿಮಣಿಗಾಗಿ?"

"ಚಿಮಣಿ ಕಟ್ಕೊಂಡು ನನಗೇನು? ನಲವತ್ತು ವರ್ಷ ಅದರ ಮಸಿ ನುಂಗಿದೀನಿ. ಇವಳಿಗೆ ನನ್ನ ಹೆಸರೂ ನೆನಪಿಲ್ಲ, ಮಗಾ. ದಿನಾ ಹೊರಟುಬಿಡ್ತಾಳೆ. ತಲೆ ಎತ್ತಿ ಚಿಮಣಿ ನೋಡ್ಕೊಂಡು ಬೀದಿಗೆ ಬರ್ತಾಳೆ, ಬಿಳಿ ಮೆಟ್ಟಿಲು ನೋಡಿ ಬಾಗಿಲಿಗೆ ಬರ್ತಾಳೆ. ಬೀಗ ಹಾಕಿದ್ರೆ ಮಗು ಹಾಗೆ ಅಳ್ತಾಳೆ. ಅದನ್ನ ಬೀಳಿಸಿದ್ರೆ ಇವಳು ಮನೆಗೆ ಹೇಗೆ ಬರ್ತಾಳೆ ಹೇಳು?"

ಏನನ್ನೂ ಹೇಳಬೇಕಾದ ಬಲವಂತ ನಿಮಗಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು ಎಂಬ ಮಾತುಗಳನ್ನು, ಅವನು ಆಗಲೇ ಎಲ್ಲ ಹೇಳಿಯಾಗಿದ್ದರೂ, ರಾಜಾ ಕ್ರಮದಂತೆ ಓದಿದ. ಎರಡು ಗಂಟೆ ಹತ್ತು ನಿಮಿಷಕ್ಕೆ ಬಂಧನ ದಾಖಲಾಯಿತು. ನೆಲ್ಲಿಯನ್ನು ಅವಳ ತಂಗಿಯ ಮಗಳು ಬಂದು ನೋಡಿಕೊಳ್ಳುವುದೆಂದಾಯಿತು.

ಶುಕ್ರವಾರ ಬೇರೊಬ್ಬ ಎಂಜಿನಿಯರ್ ಬಂದ. ಜನ ಮಕ್ಕಳನ್ನು ಹೆಗಲೇರಿಸಿಕೊಂಡು, ಬಿಸಿ ಕಡುಬು ತಿನ್ನುತ್ತಾ ನೋಡಿದರು. ಹನ್ನೊಂದಕ್ಕೆ ಚಿಮಣಿ ಒಮ್ಮೆ ಬಾಗಿ, ನಿಧಾನವಾಗಿ ಕುಸಿಯಿತು. ಕೆಲವರು ಚಪ್ಪಾಳೆ ತಟ್ಟಿದರು.

ಮೂರು ಗಂಟೆಗೆ ಠಾಣೆಗೆ ಇನ್ನೊಂದು ದೂರು: ಸೂಪರ್‌ಮಾರ್ಕೆಟ್ ಹಿಂದೆ ಕಾರುಗಳ ನಡುವೆ ಒಬ್ಬ ಮುದುಕಿ ಆಕಾಶ ನೋಡುತ್ತಾ ನಿಂತಿದ್ದಾಳೆ, ಕದಲುತ್ತಿಲ್ಲ. ರಾಜಾ ತಾನೇ ಹೋದ.

"ಗಿರಣಿ ಎಲ್ಲಿಟ್ರಪ್ಪಾ?" ಎಂದು ಕೇಳಿದಳು ನೆಲ್ಲಿ.

ಅವನು ಅವಳ ತೋಳು ಹಿಡಿದು ಮನೆಯವರೆಗೆ ನಡೆಸಿಕೊಂಡು ಬಂದ. ಬುಧವಾರ ವಿಲ್ಫ್ ಅರ್ಧಕ್ಕೆ ಬಿಟ್ಟಿದ್ದ ಮೆಟ್ಟಿಲಂಚಿನ ಬಿಳಿ ಬಣ್ಣ ಎರಡು ದಿನದ ಮಳೆಗೆ ತೊಳೆದುಹೋಗಿತ್ತು. ನೆಲ್ಲಿ ಆ ಮೆಟ್ಟಿಲನ್ನೂ ನೋಡಿದಳು, ಪಕ್ಕದ ಮನೆಯ ಮೆಟ್ಟಿಲನ್ನೂ ನೋಡಿದಳು, ಆಮೇಲೆ ಅವನ ತೋಳು ಹಿಡಿದೇ ತನ್ನ ಬಾಗಿಲು ದಾಟಿ ಮುಂದಕ್ಕೆ ನಡೆದಳು.