ನೀರು ಯಾಕೆ ಎರಡು ಸಲ ಏರುತ್ತೆ?

ಕ್ಲಾಸಿನ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅದು ಮಕ್ಕಳ ಕೈಯಲ್ಲ. ನೊಯೆಮಿಯ ಅಜ್ಜಿ ಕ್ಲೆಮೆನ್ಸಿಯಾಳ ಕೈ.

ಮೊಮ್ಮಗಳು ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಅಜ್ಜಿ ಪಕ್ಕದ ದ್ವೀಪದಿಂದ ದೋಣಿ ಹತ್ತಿ ಬಂದಿದ್ದಳು. ಆನ್ಸೆಲ್ಮೊ ಮೇಷ್ಟ್ರು ಬೋರ್ಡಿನ ಮೇಲೆ ಚಂದ್ರನನ್ನೂ ಸಮುದ್ರವನ್ನೂ ಬರೆಯುತ್ತಿದ್ದರು. ಅದನ್ನು ನೋಡಿ ಅಜ್ಜಿ ಬಾಗಿಲಲ್ಲೇ ನಿಂತಳು. "ಒಳಗೆ ಬಂದು ಕೂರಿ," ಎಂದರು ಮೇಷ್ಟ್ರು. ಅಜ್ಜಿ ಕೂತೇಬಿಟ್ಟಳು. ದಡದಲ್ಲಿ ಮಾರಾಟಕ್ಕೆ ಚಿಪ್ಪುಮೀನು ಹೆಕ್ಕಿ ನೇರವಾಗಿ ಬಂದಿದ್ದರಿಂದ ಅವಳ ರಬ್ಬರ್ ಬೂಟಿನ ಸುತ್ತ ಕೆಸರು ನೀರು ನಿಂತಿತ್ತು.

"ಚಂದ್ರ ನೀರನ್ನ ಎಳೀತಾನೆ ಅಂದ್ರಿ," ಎಂದಳು ಅಜ್ಜಿ. "ಆದ್ರೆ ಅವನು ದಿನಕ್ಕೆ ಒಂದೇ ಸಲ ತಲೆ ಮೇಲೆ ಬರೋದು. ನೀರು ಯಾಕೆ ಎರಡು ಸಲ ಏರುತ್ತೆ?"

ಮಕ್ಕಳು ಕಿಸಿಕಿಸಿ ನಕ್ಕರು. ಬಾಸ್ತಿಯಾನ್ ನೊಯೆಮಿಯತ್ತ ಬಗ್ಗಿ, "ನಿಮ್ಮಜ್ಜಿಗೂ ಯೂನಿಫಾರ್ಮ್ ಹೊಲಿಸ್ತೀರೇನೇ?" ಎಂದ.

ನೊಯೆಮಿಗೆ ಕಿವಿಯೆಲ್ಲ ಬಿಸಿಯಾಯಿತು. ಎದ್ದು ಹೋಗಿ ಅಜ್ಜಿಯ ಕೈ ಹಿಡಿದೆಳೆದಳು.

"ಮನೆಗೆ ಹೋಗಜ್ಜಿ. ಇದು ಸ್ಕೂಲು. ಇಲ್ಲಿ ನಿಂಗೇನು ಕೆಲಸ?"

ಅಜ್ಜಿ ಮೇಷ್ಟ್ರ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಎದ್ದು ಹೋದಳು. ಆಮೇಲೆ ಮೇಷ್ಟ್ರು ಉತ್ತರ ಹೇಳಿದರು. ನೊಯೆಮಿ ಡೆಸ್ಕಿನ ಮೇಲೆ ಮುಖ ಮುಚ್ಚಿಕೊಂಡಿದ್ದಳು. ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಸಂಜೆ ಬೈಗುಳ ಕಾದಿದೆ ಅಂದುಕೊಂಡೇ ಮನೆಗೆ ಹೋದಳು. ಅಜ್ಜಿ ಒಲೆಯ ಮುಂದೆ ರೊಟ್ಟಿಗೆ ಆಲೂಗಡ್ಡೆ ತುರಿಯುತ್ತಿದ್ದಳು. ಕೇಳಿದ್ದು ಒಂದೇ ಮಾತು.

"ನಾನು ಎದ್ದು ಬಂದಮೇಲೆ ಮೇಷ್ಟ್ರು ಏನು ಹೇಳಿದ್ರು?"

"ನಾನು ಕೇಳಿಸ್ಕೊಳ್ಳಲಿಲ್ಲ."

ಅಜ್ಜಿ ತುರಿಯುತ್ತಲೇ ತನ್ನ ಕಥೆ ಹೇಳಿದಳು.

ಅಜ್ಜಿ ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರ್ ಇದೇ ಪಾಠ ಶುರು ಮಾಡಿದ್ದರಂತೆ. ಸಮುದ್ರ ಯಾಕೆ ಹಿಂದೆ ಸರಿಯುತ್ತೆ, ಯಾಕೆ ವಾಪಸ್ ಬರುತ್ತೆ, ನಾಳೆ ಹೇಳ್ತೀನಿ ಅಂದಿದ್ದರಂತೆ. ಮರುದಿನ ಬೆಳಗಾಗುವಷ್ಟರಲ್ಲಿ ಅವಳಮ್ಮನಿಗೆ ಅವಳಿ ಮಕ್ಕಳು ಹುಟ್ಟಿದವು. ಅವುಗಳನ್ನು ನೋಡಿಕೊಳ್ಳಲು ಇವಳನ್ನು ಸ್ಕೂಲು ಬಿಡಿಸಿದರು. ಆ ತಮ್ಮಂದಿರು ಓದಿ ದೊಡ್ಡ ಊರು ಸೇರಿದರು.

"ನೀರು ಯಾವಾಗ ಇಳಿಯುತ್ತೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ," ಎಂದಳು ಅಜ್ಜಿ. "ಯಾಕೆ ಅನ್ನೋದು ಮಾತ್ರ ಅರವತ್ಮೂರು ವರ್ಷದಿಂದ ಗೊತ್ತಿರಲಿಲ್ಲ. ಇವತ್ತು ಅರ್ಧ ಗೊತ್ತಾಯ್ತು."

ನೊಯೆಮಿ ನೋಟ್‌ಬುಕ್ ತಂದಳು. ಒಂದು ಆಲೂಗಡ್ಡೆಯನ್ನು ಭೂಮಿ ಮಾಡಿ, ಒಂದು ಚಿಪ್ಪನ್ನು ಚಂದ್ರ ಮಾಡಿ ವಿವರಿಸತೊಡಗಿದಳು. ಚಂದ್ರನ ಕಡೆಯ ನೀರು ಸುಲಭವಾಗಿ ಏರಿತು. ಆಚೆ ಬದಿಯ ನೀರು ಯಾಕೆ ಏರಬೇಕು? ಅವಳು ಆಲೂಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ದಿನಾ ನೋಡುವ ಸಮುದ್ರ ಅದು. ಈ ಪ್ರಶ್ನೆ ತನಗೆ ಒಂದು ದಿನವೂ ಹೊಳೆದಿರಲಿಲ್ಲ.

"ನಾಳೆ ನೀನೂ ಬಾ ಅಜ್ಜಿ. ನನ್ನ ಪಕ್ಕಾನೇ ಕೂತ್ಕೋ."

ಅಜ್ಜಿ ನಕ್ಕಳು. ನಾಳೆ ಸರಿಯಾಗಿ ಸ್ಕೂಲಿನ ಹೊತ್ತಿಗೇ ನೀರು ಇಳಿಯುತ್ತೆ, ಚಿಪ್ಪು ಹೆಕ್ಕದೆ ಆಗಲ್ಲ ಎಂದಳು. "ನೀನೇ ಕೇಳ್ಕೊಂಡು ಬಾ. ಪೂರ್ತಿ ಕೇಳ್ಕೊಂಡು ಬಾ."

ಬೆಳಿಗ್ಗೆ ಸ್ಕೂಲಿನ ದೋಣಿ ದಡ ಬಿಟ್ಟಿತು. ಬಾಸ್ತಿಯಾನ್ ಏನೋ ತಮಾಷೆ ಮಾಡಿದ. ನೊಯೆಮಿಗೆ ಕೇಳಿಸಲಿಲ್ಲ. ದೂರದ ಕೆಸರಿನಲ್ಲಿ ಅಜ್ಜಿ ಬಗ್ಗಿದ್ದಳು. ಒಮ್ಮೆ ಬೆನ್ನು ನೆಟ್ಟಗೆ ಮಾಡಿ ದೋಣಿಯತ್ತ ನೋಡಿದಳು. ನೋಡನೋಡುತ್ತಲೇ ಚುಕ್ಕೆಯಾದಳು.

ಈ ದೋಣಿ ಎಷ್ಟು ನಿಧಾನ ಹೋಗುತ್ತಪ್ಪ ಎಂದು ನೊಯೆಮಿಗೆ ಮೊದಲ ಸಲ ಅನ್ನಿಸಿತು.